ಸೂಜಿಗಲ್ಲಿಗೆ ಹೆದರದ ಹಳೆಯ ಸ್ಟೀಲ್ ವಾಚು: ಇಂಜೆನ್ಯೂರ್, ಮಿಲ್‌ಗಾಸ್, ರೈಲ್‌ಮಾಸ್ಟರ್‌ಗಳಲ್ಲಿ ಯಾವುದು?

ನಾನು ಕೊಂಡ ಮೊದಲ ಹಳೆಯ ವಾಚಿನ ಡಯಲ್ ಮೇಲೆ 'ಆಂಟಿಮ್ಯಾಗ್ನೆಟಿಕ್' ಎಂದು ಬರೆದಿತ್ತು. ಒಂದು ವಾರ ಚೆನ್ನಾಗಿ ಓಡಿತು. ಆಮೇಲೆ ದಿನಕ್ಕೆ ಐದಾರು ನಿಮಿಷ ಮುಂದೆ ಓಡತೊಡಗಿತು. ರಿಪೇರಿಯವರು ಅದನ್ನು ಒಂದು ಪುಟ್ಟ ಪೆಟ್ಟಿಗೆಯ ಮೇಲೆ ಹಿಡಿದು, ಗುಂಡಿ ಒತ್ತಿ, ನಿಧಾನಕ್ಕೆ ದೂರ ಎಳೆದು ವಾಪಸ್ ಕೊಟ್ಟರು. ಅಷ್ಟೇ, ಸರಿಹೋಯಿತು. ರಾತ್ರಿ ನಾನು ವಾಚು ಇಡುತ್ತಿದ್ದದ್ದು ಸ್ಪೀಕರ್ ಮೇಲೆ. ಸ್ಪೀಕರಿನ ಒಳಗೆ ದೊಡ್ಡ ಅಯಸ್ಕಾಂತ ಇರುತ್ತದೆ ಅನ್ನುವುದು ನೆನಪೇ ಇರಲಿಲ್ಲ.

ಆಗ ಅರ್ಥವಾಗಿದ್ದು ಇಷ್ಟು: ಡಯಲ್ ಮೇಲಿನ ಆ ಪದಕ್ಕೂ, ನಿಜವಾಗಿ ಅಯಸ್ಕಾಂತವನ್ನು ತಡೆಯಲೆಂದೇ ಕಟ್ಟಿದ ವಾಚಿಗೂ ಬಹಳ ದೂರ. ಇಲ್ಲಿ ಹೋಲಿಸುತ್ತಿರುವುದು ಆ ಎರಡನೆಯ ಜಾತಿಯನ್ನು. 1950ರ ದಶಕದಲ್ಲಿ ಇಂಜಿನಿಯರುಗಳು, ಪ್ರಯೋಗಾಲಯದವರು, ವಿದ್ಯುತ್ ಕೇಂದ್ರಗಳಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಸ್ವಿಸ್ ಕಂಪನಿಗಳು ಮಾಡಿದ ಸ್ಟೀಲ್ ವಾಚುಗಳವು. ಮುಖ್ಯವಾಗಿ ಮೂರು ಹೆಸರು: ಐಡಬ್ಲ್ಯುಸಿಯ ಇಂಜೆನ್ಯೂರ್, ರೋಲೆಕ್ಸ್‌ನ ಮಿಲ್‌ಗಾಸ್, ಒಮೆಗಾದ ರೈಲ್‌ಮಾಸ್ಟರ್. ನಾಲ್ಕನೆಯದಾಗಿ ಜೇಗರ್-ಲಿಕುಲ್ತ್ರ್‌ನ ಜಿಯೋಫಿಸಿಕ್. ಪಾಟೆಕ್ ಫಿಲಿಪ್ ಕೂಡ 3417 ಅನ್ನುವ ಸ್ಟೀಲ್ ವಾಚಿನ ಡಯಲ್ ಮೇಲೆ 'ಅಮ್ಯಾಗ್ನೆಟಿಕ್' ಎಂದು ಅಚ್ಚು ಹಾಕಿತ್ತು. ಅದು ಸಂಗ್ರಹಕಾರರ ಲೋಕ, ಅದನ್ನು ಬಿಟ್ಟುಬಿಡೋಣ.

ಮೊದಲು, ಒಳಗೆ ಏನು ನಡೆಯುತ್ತದೆ

ಕೀಲಿ ವಾಚಿನ ಜೀವ ಅಂದರೆ ಬ್ಯಾಲೆನ್ಸ್ ಚಕ್ರ ಮತ್ತು ಅದನ್ನು ಅತ್ತಿತ್ತ ಆಡಿಸುವ ಕೂದಲೆಳೆಯಂಥ ಸುರುಳಿ ಸ್ಪ್ರಿಂಗು. ಈ ಹೇರ್‌ಸ್ಪ್ರಿಂಗಿಗೆ ಕಾಂತತೆ ಹತ್ತಿದರೆ ಪಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿದಷ್ಟೂ ಸ್ಪ್ರಿಂಗು ಗಿಡ್ಡವಾದ ಹಾಗೆ. ಗಿಡ್ಡ ಸ್ಪ್ರಿಂಗಿನಲ್ಲಿ ಚಕ್ರ ಬೇಗ ಬೇಗ ಆಡುತ್ತದೆ, ವಾಚು ಮುಂದೆ ಓಡುತ್ತದೆ. ಚೆನ್ನಾಗಿದ್ದ ವಾಚು ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡಿದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಇದಕ್ಕೆ ಎರಡು ಮದ್ದು. ಒಂದು, ಸ್ಪ್ರಿಂಗನ್ನೇ ಕಾಂತತೆ ಸುಲಭಕ್ಕೆ ಹತ್ತದ ಮಿಶ್ರಲೋಹದಲ್ಲಿ ಮಾಡುವುದು. 1930ರ ದಶಕದಲ್ಲಿ ನಿವಾರಾಕ್ಸ್ ಅನ್ನುವ ಮಿಶ್ರಲೋಹ ಬಂದ ಮೇಲೆ ಇದು ಸಾಮಾನ್ಯವಾಯಿತು. ಅಗ್ಗದ ಹಳೆಯ ವಾಚುಗಳ ಡಯಲ್ ಮೇಲಿನ 'ಆಂಟಿಮ್ಯಾಗ್ನೆಟಿಕ್' ಅಂದರೆ ಸಾಮಾನ್ಯವಾಗಿ ಇಷ್ಟೇ. ನನ್ನ ಮೊದಲ ವಾಚಿನದೂ ಇದೇ ಕತೆ.

ಎರಡನೆಯದು, ಇಡೀ ಯಂತ್ರಕ್ಕೆ ಮೃದು ಕಬ್ಬಿಣದ ಕವಚ ತೊಡಿಸುವುದು. ಕೆಳಗೆ ಕಬ್ಬಿಣದ ಒಳಮುಚ್ಚಳ, ಸುತ್ತ ಕಬ್ಬಿಣದ ಬಳೆ, ಮೇಲೆ ಡಯಲ್ಲೇ ಕಬ್ಬಿಣದ್ದು. ಸೂರಿನ ಮೇಲೆ ಬಿದ್ದ ಮಳೆನೀರು ದೋಣಿ ಹಿಡಿದು ಪಕ್ಕಕ್ಕೆ ಹರಿದುಹೋಗುತ್ತದಲ್ಲ, ಹಾಗೆ ಕಾಂತಬಲ ಈ ಕಬ್ಬಿಣದೊಳಗೇ ಸುತ್ತಿಕೊಂಡು ಹೋಗುತ್ತದೆ, ಒಳಗಿನ ಯಂತ್ರಕ್ಕೆ ಮುಟ್ಟುವುದು ಕಡಿಮೆ. ಇದನ್ನು ಎಲ್ಲರೂ 'ಫ್ಯಾರಡೆ ಪಂಜರ' ಅನ್ನುತ್ತಾರೆ. ಅದು ತಪ್ಪು. ಫ್ಯಾರಡೆ ಪಂಜರ ತಡೆಯುವುದು ವಿದ್ಯುತ್ ಕ್ಷೇತ್ರವನ್ನು. ತಾಮ್ರದಲ್ಲೂ ಅದನ್ನು ಮಾಡಬಹುದು. ತಾಮ್ರದ ಡಬ್ಬಿಯೊಳಗೆ ವಾಚಿಟ್ಟು ಅಯಸ್ಕಾಂತ ಹಿಡಿದು ನೋಡಿ, ಪಾಪ, ವಾಚಿನ ಗತಿ ಏನಾಗುತ್ತದೆ ಅಂತ. ಇಂಜಿನಿಯರುಗಳಿಗೆಂದೇ ಮಾಡಿದ ವಾಚಿನ ಜಾಹೀರಾತುಗಳಲ್ಲೂ ಈ ತಪ್ಪು ಮಾತು ಓಡಾಡುವುದು ಒಂದು ತಮಾಷೆ.

ಅಳತೆ ಎಷ್ಟು ಅಂತ ಗೊತ್ತಿರಲಿ. ಇಂದಿನ ಐಎಸ್‌ಒ 764 ಮಾನದಂಡದ ಪ್ರಕಾರ ಮೀಟರಿಗೆ 4,800 ಆಂಪಿಯರ್ ಕ್ಷೇತ್ರ ತಡೆದುಕೊಂಡರೆ ಆ ವಾಚನ್ನು ಕಾಂತನಿರೋಧಕ ಎನ್ನಬಹುದು. ಗಾಸ್ ಅನ್ನುವುದು ಕಾಂತಬಲ ಅಳೆಯುವ ಇನ್ನೊಂದು ಮಾನ, ಆ ಲೆಕ್ಕದಲ್ಲಿ ಅದು ಸುಮಾರು 60 ಗಾಸ್. ಕವಚ ತೊಟ್ಟ ಇಂಜೆನ್ಯೂರ್, ಮಿಲ್‌ಗಾಸ್, ರೈಲ್‌ಮಾಸ್ಟರ್ ಹೇಳಿಕೊಂಡದ್ದು ಸುಮಾರು 1,000 ಗಾಸ್, ಅಂದರೆ ಮೀಟರಿಗೆ 80,000 ಆಂಪಿಯರ್. ಹದಿನಾರು ಪಟ್ಟಿಗಿಂತ ಜಾಸ್ತಿ. ಆದರೆ ಆಸ್ಪತ್ರೆಯ 1.5 ಟೆಸ್ಲಾ ಎಂಆರ್‌ಐ ಯಂತ್ರದ್ದು 15,000 ಗಾಸ್. ಈ ವಾಚು ಕಟ್ಟಿಕೊಂಡು ಆ ಕೋಣೆಗೆ ಮಾತ್ರ ಹೋಗಬೇಡಿ. ವಾಚಿಗೂ ಒಳ್ಳೆಯದಲ್ಲ, ನಿಮಗೂ ಒಳ್ಳೆಯದಲ್ಲ.

ಇಂಜೆನ್ಯೂರ್: ಒಂದೇ ಹೆಸರು, ಮೂರು ಬೇರೆ ವಾಚು

ನನ್ನ ಒಲವು ಇದರ ಕಡೆಗೇ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಅಳೆದು ತೂಗಿ ನೋಡಿಕೊಳ್ಳಿ.

ಶಾಫ್‌ಹೌಸೆನ್ನಿನ ಐಡಬ್ಲ್ಯುಸಿ ಈ ವಾಚನ್ನು 1955ರಲ್ಲಿ ತಂದಿತು. ಕಬ್ಬಿಣದ ಕವಚ ಅವರಿಗೆ ಹೊಸದೇನಲ್ಲ. ಬ್ರಿಟಿಷ್ ವಾಯುಪಡೆಯ ಮಾರ್ಕ್ 11 ವಾಚಿನಲ್ಲಿ ಅದಾಗಲೇ ಮಾಡಿದ್ದರು. ಹೊಸದು ಅಂದರೆ ಕವಚದ ಒಳಗೆ ತಾನೇ ಕೀಲಿ ತುಂಬಿಕೊಳ್ಳುವ ಯಂತ್ರ ಇಟ್ಟದ್ದು. ಆ ಯಂತ್ರವನ್ನು ರೂಪಿಸಿದವರು ಕಂಪನಿಯ ತಾಂತ್ರಿಕ ನಿರ್ದೇಶಕರಾಗಿದ್ದ ಆಲ್ಬರ್ಟ್ ಪೆಲ್ಲಟೋನ್. ತೂಗುವ ರೋಟರ್ (ಕಟ್ಟಿಕೊಂಡವರು ಅಲುಗಿದಂತೆ ತಿರುಗುವ ತೂಕದ ತಟ್ಟೆ) ಒಂದು ತಿರುಚು ಬಿಲ್ಲೆಯನ್ನು ಆಡಿಸುತ್ತದೆ, ಬಿಲ್ಲೆ ಒಂದು ಕೈಯನ್ನು ಅತ್ತಿತ್ತ ದೂಡುತ್ತದೆ, ಆ ಕೈಗೆ ಅಂಟಿದ ಎರಡು ಕೊಕ್ಕೆಗಳು ಸರದಿ ಮೇಲೆ ಚಕ್ರವನ್ನು ಎಳೆಯುತ್ತವೆ. ರೋಟರ್ ಯಾವ ಕಡೆ ತಿರುಗಿದರೂ ಕೀಲಿ ತುಂಬುತ್ತದೆ. ಮುಚ್ಚಳ ತೆಗೆದು ಒಮ್ಮೆ ನೋಡಿದರೆ ಸಾಕು, ಕೊಕ್ಕೆಗಳು ಎಳೆಯುವುದನ್ನು ನೋಡುತ್ತಾ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ಎಣ್ಣೆ ಒಣಗಿದ ಮೇಲೂ ವರ್ಷಗಟ್ಟಲೆ ಕಟ್ಟಿಕೊಂಡು ಓಡಾಡಿದ ವಾಚಿನಲ್ಲಿ ಸವೆಯುವುದೂ ಆ ಕೊಕ್ಕೆಗಳೇ. ಈಗಿನ ಪೆಲ್ಲಟೋನ್ ಯಂತ್ರಗಳಲ್ಲಿ ಅವನ್ನು ಸೆರಾಮಿಕ್‌ನಲ್ಲಿ ಮಾಡುತ್ತಾರೆ. ಹಳೆಯವು ಉಕ್ಕಿನವು.

ಮೊದಲ ಮಾದರಿ 666. ಅಗಲ 36.5 ಮಿಲಿಮೀಟರ್. ತಾರೀಖು ಇಲ್ಲದ್ದು 666ಎ, ಇರುವುದು 666ಎಡಿ. ದೂರದಿಂದ ನೋಡಿದರೆ ಮಾಮೂಲು ಆಫೀಸಿನ ವಾಚು. ಒಳಗೆ ಕವಚ ಇದೆ ಅಂತ ಗೊತ್ತೇ ಆಗುವುದಿಲ್ಲ. ತಾರೀಖಿಗಾಗಿ ಡಯಲ್ಲಿನಲ್ಲಿ ಕಿಂಡಿ ಕೊರೆದರೆ ಕವಚಕ್ಕೂ ತೂತು ಬಿದ್ದ ಹಾಗೆ ಅಲ್ವಾ ಅಂತ ನೀವು ಕೇಳಬಹುದು. ಹೌದು. ಶುದ್ಧ ಲೆಕ್ಕದಲ್ಲಿ ತಾರೀಖು ಇಲ್ಲದ್ದೇ ಮೇಲು. ದಿನದ ಬಳಕೆಯಲ್ಲಿ ವ್ಯತ್ಯಾಸ ನನಗಂತೂ ಕಂಡಿಲ್ಲ.

1967ರಲ್ಲಿ ಬಂದದ್ದು 866. ಸುಮಾರು 37 ಮಿಲಿಮೀಟರ್, ಒಳಗೆ ತಾರೀಖು ಇದ್ದರೆ 8541 ಯಂತ್ರ, ಇಲ್ಲದಿದ್ದರೆ 854. ಇದು ಆ ಕಂಪನಿ ಮಾಡಿದ ಅತ್ಯುತ್ತಮ ಯಂತ್ರಗಳಲ್ಲೊಂದು ಎಂದು ರಿಪೇರಿ ಮಾಡುವವರು ಹೇಳುವುದನ್ನು ಕೇಳಿದ್ದೇನೆ. ನನಗೂ ಹಾಗೇ ಅನಿಸುತ್ತದೆ. ಹೊರನೋಟ 666ಕ್ಕಿಂತ ಸ್ವಲ್ಪ ಗಟ್ಟಿ. ಗೆರೆಯಂಥ ಗುರುತುಗಳು, ನೇರ ಮುಳ್ಳುಗಳು. ಓದಲು ಸುಲಭ.

ಇನ್ನು 1976ರ 1832, ಅಂದರೆ ಇಂಜೆನ್ಯೂರ್ ಎಸ್‌ಎಲ್. ಇದರ ವಿನ್ಯಾಸ ಜೆರಾಲ್ಡ್ ಜೆಂಟಾ ಅವರದು. 1972ರ ಹೆಸರಾಂತ ರಾಯಲ್ ಓಕ್ ವಾಚಿನ ವಿನ್ಯಾಸ ಮಾಡಿದವರೂ ಇವರೇ. 40 ಮಿಲಿಮೀಟರ್ ಅಗಲ, ಕೇಸಿಗೇ ಬೆಸೆದಂತಿರುವ ಸ್ಟೀಲ್ ಪಟ್ಟಿ, ಬೆಜೆಲ್ ಮೇಲೆ, ಅಂದರೆ ಗಾಜಿನ ಸುತ್ತಲಿನ ಬಳೆಯ ಮೇಲೆ, ಐದು ಕುಳಿ. ಬೆಜೆಲ್ಲನ್ನು ತಿರುಪಿನಂತೆ ತಿರುಗಿಸಿ ಕೂರಿಸುವುದರಿಂದ ಕುಳಿಗಳು ಒಂದೊಂದು ವಾಚಿನಲ್ಲಿ ಒಂದೊಂದು ಕಡೆ ನಿಲ್ಲುತ್ತವೆ. ಅದನ್ನು ದೋಷ ಅಂದುಕೊಂಡು ವಾಪಸ್ ಮಾಡಬೇಡಿ. ಕ್ವಾರ್ಟ್ಜ್ ವಾಚುಗಳು ನುಗ್ಗುತ್ತಿದ್ದ ಕಾಲವದು. ಇಷ್ಟು ದಪ್ಪ, ಇಷ್ಟು ತೂಕದ ಕೀಲಿ ವಾಚನ್ನು ಯಾರೂ ಕೊಳ್ಳಲಿಲ್ಲ. ಮಾಡಿದ್ದೇ ಸಾವಿರಕ್ಕಿಂತ ಕಡಿಮೆ. ಅಂದು ಯಾರಿಗೂ ಬೇಡವಾಗಿದ್ದಕ್ಕೇ ಇಂದು ಎಲ್ಲರಿಗೂ ಬೇಕು. ಕೊಳ್ಳುವ ಶಕ್ತಿ ಇದ್ದರೆ ಕೊಳ್ಳಿ. ಆದರೆ ಪಟ್ಟಿಯ ಕೊಂಡಿಗಳು ಪೂರ್ತಿ ಇವೆಯಾ ಅಂತ ಮೊದಲು ಎಣಿಸಿ. ಕೇಸಿನ ಆಕಾರಕ್ಕೆ ಬೇರೆ ಪಟ್ಟಿ ಕೂರುವುದಿಲ್ಲ, ಕಳೆದ ಕೊಂಡಿ ಸಿಗುವುದೂ ಕಷ್ಟ.

ಮಿಲ್‌ಗಾಸ್: ಹೆಸರಲ್ಲೇ ಅಳತೆ

ಫ್ರೆಂಚಿನಲ್ಲಿ 'ಮಿಲ್' ಅಂದರೆ ಸಾವಿರ. ಸಾವಿರ ಗಾಸ್, ಮಿಲ್‌ಗಾಸ್. ವಾಚಿಗೆ ಇಷ್ಟು ನೇರವಾದ ಹೆಸರು ಇನ್ನೊಂದಿಲ್ಲ.

1956ರ ಸುಮಾರಿಗೆ ಬಂದ 6541ರಲ್ಲಿ ತಿರುಗುವ ಬೆಜೆಲ್, ಜೇನುಗೂಡಿನ ವಿನ್ಯಾಸದ ಡಯಲ್, ಮಿಂಚಿನ ಆಕಾರದ ಸೆಕೆಂಡ್ ಮುಳ್ಳು. ಜಿನೀವಾದ ಸರ್ನ್ ಅಣುವಿಜ್ಞಾನ ಕೇಂದ್ರದ ಹೆಸರಿನ ಜೊತೆ ಇದು ತಳಕು ಹಾಕಿಕೊಂಡಿದೆ. 2023ರಲ್ಲಿ ಜಿನೀವಾದ ಹರಾಜೊಂದರಲ್ಲಿ ಒಂದು 6541 ಇಪ್ಪತ್ತು ಲಕ್ಷ ಸ್ವಿಸ್ ಫ್ರಾಂಕ್ ದಾಟಿತು. ಆದ್ದರಿಂದ ನಿಮಗೂ ನನಗೂ ಅದರ ಗೊಡವೆ ಬೇಡ.

ನಮ್ಮ ಮಾತು 1019ರ ಬಗ್ಗೆ. 1960ರ ಆಸುಪಾಸಿನಲ್ಲಿ ಶುರುವಾಗಿ 1988ರವರೆಗೂ ತಯಾರಾಯಿತು. ಅಗಲ 38 ಮಿಲಿಮೀಟರ್, ನುಣುಪು ಬೆಜೆಲ್, ತುದಿಗೆ ಕೆಂಪು ಬಾಣವಿರುವ ನೇರ ಸೆಕೆಂಡ್ ಮುಳ್ಳು, ತಿರುಪಿನಂತೆ ಬಿಗಿಯಾಗುವ ಕ್ರೌನ್, ಅಂದರೆ ಕೀಲಿ ಕೊಡುವ ಗುಂಡಿ. ಒಳಗಿನ 1580 ಯಂತ್ರ ಕಂಪನಿಯ ಬಹಳ ಸಾಮಾನ್ಯವಾದ 1570ರ ಅಣ್ಣತಮ್ಮ. ಇದೇ ಇದರ ದೊಡ್ಡ ಬಲ. ಬಿಡಿಭಾಗ ಸಿಗುತ್ತದೆ, ಕೈಪಳಗಿದ ರಿಪೇರಿಯವರೂ ಸಿಗುತ್ತಾರೆ. ಈ ಗುಂಪಿನಲ್ಲಿ ದಿನಾ ಕಟ್ಟಲು ಯಾವುದು ಗಟ್ಟಿ ಅಂತ ಯಾರಾದರೂ ಕೇಳಿದರೆ ಒಲ್ಲದ ಮನಸ್ಸಿನಿಂದಲೇ 1019 ಅನ್ನುತ್ತೇನೆ.

ಒಲ್ಲದ ಮನಸ್ಸು ಯಾಕೆ? ಬೆಲೆಯಲ್ಲಿ ಅರ್ಧ ಹೆಸರಿನದು. ಡಯಲ್ಲಿನ ಒಂದು ಸಣ್ಣ ವ್ಯತ್ಯಾಸಕ್ಕೆ ಬೆಲೆ ಎಲ್ಲಿಂದ ಎಲ್ಲಿಗೋ ಹಾರುತ್ತದೆ. ಕತ್ತಲಲ್ಲಿ ಹೊಳೆಯುವ ಬಣ್ಣವೇ ಇಲ್ಲದ ಬೆಳ್ಳಿ ಡಯಲ್ಲಿಗೆ 'ಸರ್ನ್ ಡಯಲ್' ಎನ್ನುತ್ತಾರೆ. ಹೊಳೆಯುವ ಬಣ್ಣದ ವಿಕಿರಣ ಪ್ರಯೋಗಕ್ಕೆ ಅಡ್ಡಿ ಆಗಬಾರದು ಅಂತ ಹಾಗೆ ಮಾಡಿದ್ದು ಅನ್ನುವ ಮಾತಿದೆ. ಕತೆ ಚೆನ್ನಾಗಿದೆ. ಆದರೆ ಬಣ್ಣ ಕೆರೆದು ತೆಗೆದ ಮಾಮೂಲು ಡಯಲ್ಲನ್ನೂ ಇದೇ ಕತೆ ಹೇಳಿ ಮಾರಬಹುದಲ್ಲ, ಜೋಪಾನ.

ರೈಲ್‌ಮಾಸ್ಟರ್: ಚೆಂದ ಇದೆ, ಹುಷಾರು

1957ರಲ್ಲಿ ಒಮೆಗಾ ಮೂರು ವಾಚು ಒಟ್ಟಿಗೆ ತಂದಿತು: ಸ್ಪೀಡ್‌ಮಾಸ್ಟರ್, ಸೀಮಾಸ್ಟರ್ 300, ರೈಲ್‌ಮಾಸ್ಟರ್. ಮೊದಲೆರಡು ಲೋಕಪ್ರಸಿದ್ಧವಾದವು. ರೈಲ್‌ಮಾಸ್ಟರ್ 1963ರ ಹೊತ್ತಿಗೆ ನಿಂತೇಹೋಯಿತು.

ಸಿಕೆ 2914 ಇದರ ಸಂಖ್ಯೆ. 38 ಮಿಲಿಮೀಟರ್. ಕಪ್ಪು ಡಯಲ್, 3, 6, 9, 12 ದೊಡ್ಡ ಅಂಕಿಗಳಲ್ಲಿ. ಮೊದಲಿನವಕ್ಕೆ ಅಗಲ ಬಾಣದ ಗಂಟೆ ಮುಳ್ಳು. ಕೈಯಿಂದ ಕೀಲಿ ಕೊಡುವ ಯಂತ್ರ, ಒಮೆಗಾದ ಹೆಸರುವಾಸಿ 30 ಮಿಲಿಮೀಟರ್ ಯಂತ್ರಗಳ ವಂಶದ್ದು. ಸರಳ, ಗಟ್ಟಿ. ಬೆಳಿಗ್ಗೆ ಎದ್ದು ಕೀಲಿ ಕೊಡುವುದು ನಿಮಗೆ ಇಷ್ಟ ಅನ್ನುವುದಾದರೆ ನಾಲ್ಕರಲ್ಲಿ ಕಣ್ಣಿಗೆ ಅತಿ ಹಿತವಾದದ್ದು ಇದೇ.

ತೊಂದರೆಯೂ ಅದರ ಸರಳತನದಲ್ಲೇ ಇದೆ. ಅದೇ ವಂಶದ ಯಂತ್ರಗಳು ರಾಶಿ ರಾಶಿ ಸಿಗುತ್ತವೆ. ಹೊಸದಾಗಿ ಮಾಡಿದ ಡಯಲ್, ಎಲ್ಲಿಂದಲೋ ತಂದ ಕೇಸು ಸೇರಿಸಿದರೆ ಒಂದು 'ರೈಲ್‌ಮಾಸ್ಟರ್' ತಯಾರು. ಇಂಥ ಕೂಡಿಸಿದ ಸರಕು ಈ ಮಾದರಿಯಲ್ಲಿ ಬಹಳ. ಡಯಲ್ಲಿನ ಅಕ್ಷರ ತೀರಾ ದಪ್ಪ, ಕೇಸು ತೀರಾ ಚೂಪು, ಬೆಲೆ ತೀರಾ ಕಡಿಮೆ: ಈ ಮೂರರಲ್ಲಿ ಎರಡು ಕಂಡರೂ ನಾನಾದರೆ ಎದ್ದು ಬರುತ್ತೇನೆ. ಹಳೆಯದನ್ನು ಮೊದಲ ಸಲ ಕೊಳ್ಳುತ್ತಿರುವವರು ಇದಕ್ಕೆ ಕೈಹಾಕದಿರುವುದೇ ಒಳ್ಳೆಯದು. ಆ ನೋಟ ಮಾತ್ರ ಸಾಕು ಅನ್ನುವವರಿಗೆ 2017ರಲ್ಲಿ ಒಮೆಗಾ ತಾನೇ ಹಳೆಯ ರೂಪದಲ್ಲಿ ಮತ್ತೆ ಮಾಡಿದ ಆವೃತ್ತಿ ಇದೆ. ಅದು ಕಾಂತತೆಯಲ್ಲಿ ಹಳೆಯದಕ್ಕಿಂತ ಎಷ್ಟೋ ಮುಂದು. ಈಗ ಯಂತ್ರದ ಭಾಗಗಳನ್ನೇ ಕಾಂತತೆ ಹತ್ತದ ವಸ್ತುಗಳಲ್ಲಿ ಮಾಡುತ್ತಾರೆ. ಕಬ್ಬಿಣದ ಕವಚದ ಕಾಲ ಹೆಚ್ಚುಕಡಿಮೆ ಮುಗಿದಿದೆ.

ಜಿಯೋಫಿಸಿಕ್ ಬಗ್ಗೆ ನಾಲ್ಕು ಮಾತು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ನೆನಪಿಗೆ ಬಂದದ್ದು. 35 ಮಿಲಿಮೀಟರ್, ಕೈಯಿಂದ ಕೀಲಿ, ತಡೆಯುವ ಶಕ್ತಿ 600 ಗಾಸ್. 1958ರ ಆಗಸ್ಟ್‌ನಲ್ಲಿ ಉತ್ತರ ಧ್ರುವದ ಹಿಮದಡಿ ಹಾದುಹೋದ ನಾಟಿಲಸ್ ಜಲಾಂತರ್ಗಾಮಿಯ ನಾಯಕ ವಿಲಿಯಂ ಆಂಡರ್ಸನ್ ಅವರಿಗೆ ಈ ವಾಚು ಉಡುಗೊರೆಯಾಗಿ ಸಿಕ್ಕಿತ್ತು. ಬಹಳ ನಾಜೂಕಾದ ಕೆಲಸ, ಬಹಳ ಅಪರೂಪ. ಬಿಡಿಭಾಗ ಹಾಳಾದರೆ ದೇವರೇ ಗತಿ.

ನೋಡಬೇಕಾದ್ದು ಕವಚ

ಮಾದರಿಗಳ ನಡುವಿನ ಜಗಳ ಎಷ್ಟು ಬೇಕಾದರೂ ಮಾಡಬಹುದು. ನನಗೆ ಕೈಸುಟ್ಟ ಮೇಲೆ ಬಂದ ಬುದ್ಧಿ ಬೇರೆ. ಒಂದು ಇಂಜೆನ್ಯೂರ್ ತಗೊಂಡೆ. ಕೇಸು ಚೆನ್ನಾಗಿತ್ತು, ಡಯಲ್ ಚೆನ್ನಾಗಿತ್ತು, ಮಾರಿದವರ ಮಾತು ಇನ್ನೂ ಚೆನ್ನಾಗಿತ್ತು. ಮನೆಗೆ ತಂದು ತೆರೆಸಿದಾಗ ಒಳಮುಚ್ಚಳವೇ ಇರಲಿಲ್ಲ. ಹಿಂದೆಂದೋ ರಿಪೇರಿ ಮಾಡಿದವರು 'ಇದೇನೋ ಜಾಸ್ತಿ ತಟ್ಟೆ' ಅಂತ ಎತ್ತಿಟ್ಟು ಮರೆತಿರಬೇಕು. ಅಲ್ಲಿಗೆ ಅದು ಇಂಜೆನ್ಯೂರ್ ಹೆಸರಿನ ಮಾಮೂಲು ವಾಚು.

ಆದ್ದರಿಂದ ಮುಚ್ಚಳ ತೆಗೆದ ಎರಡು ಫೋಟೋ ಕೇಳಿ. ಒಂದರಲ್ಲಿ ಒಳಮುಚ್ಚಳ ಕೂತಿರಬೇಕು, ಇನ್ನೊಂದರಲ್ಲಿ ಅದನ್ನು ತೆಗೆದು ಯಂತ್ರ ಕಾಣಬೇಕು. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ ಅನ್ನುವುದನ್ನೂ ಮರೆಯಬೇಡಿ. ಹೊರಗಿನ ಸ್ಟೀಲ್ ಫಳಫಳ ಹೊಳೆಯುತ್ತಿದ್ದರೂ ಒಳಗಿನ ಬಳೆಯ ಅಂಚಿನಲ್ಲಿ ಕಂದು ಪುಡಿ ಇದ್ದರೆ ಎಂದೋ ನೀರು ಹೊಕ್ಕಿದೆ. ಆ ಪುಡಿ ಯಂತ್ರದೊಳಕ್ಕೂ ಇಳಿದಿರುತ್ತದೆ.

ಡಯಲ್ ಬದಲಾಗಿದ್ದರೆ ಅದು ಇನ್ನೊಂದು ತೂತು. ಕಬ್ಬಿಣದ ಡಯಲ್ ಇದ್ದ ಜಾಗಕ್ಕೆ ಹಿತ್ತಾಳೆಯದು ಬಂದರೆ ನೋಡಲು ಒಂದೇ, ಆದರೆ ಕವಚದ ಮೇಲ್ಭಾಗವೇ ಹೋಯಿತು.

ಅನೇಕರು ಪುಟ್ಟ ದಿಕ್ಸೂಚಿಯನ್ನು ವಾಚಿನ ಹತ್ತಿರ ತಂದು, ಸೂಜಿ ಅಲುಗಿದರೆ ಕಾಂತತೆ ಹತ್ತಿದೆ ಅನ್ನುತ್ತಾರೆ. ಮಾಮೂಲು ವಾಚಿಗೆ ಆ ಪರೀಕ್ಷೆ ನಡೆಯುತ್ತದೆ. ಈ ಜಾತಿಗೆ ನಡೆಯುವುದಿಲ್ಲ. ಒಳಗಿರುವ ಕಬ್ಬಿಣವೇ ಸೂಜಿಯನ್ನು ಎಳೆಯುತ್ತದೆ. ತಿರುಗಿಸಿ ಯೋಚಿಸಿದರೆ ಇದು ಉಪಯೋಗಕ್ಕೂ ಬರುತ್ತದೆ: ಕವಚ ಇದೆ ಎನ್ನುವ ವಾಚಿನ ಹತ್ತಿರ ಸೂಜಿ ಅಲುಗದೇ ಸುಮ್ನೆ ನಿಂತರೆ ಅನುಮಾನ ಪಡಿ. ಬಲವಾದ ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡಲು ಮಾತ್ರ ಹೋಗಬೇಡಿ. ಕವಚ ಇಲ್ಲ ಅಂತ ಗೊತ್ತಾಗುವಷ್ಟರಲ್ಲಿ ಹೇರ್‌ಸ್ಪ್ರಿಂಗಿನ ಕತೆ ಮುಗಿದಿರುತ್ತದೆ.

ವಾಚಿನ ಓಟ ಅಳೆಯುವ ಟೈಂಗ್ರಾಫರ್ ಯಂತ್ರದ ಮೇಲಿಟ್ಟ ಫೋಟೋ ಸಿಕ್ಕರೆ ಆಂಪ್ಲಿಟ್ಯೂಡ್ ನೋಡಿ, ಅಂದರೆ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ಆಡುತ್ತದೆ ಅನ್ನುವುದನ್ನು. ಸರ್ವೀಸ್ ಆದ ವಾಚಿನಲ್ಲಿ ಪೂರ್ತಿ ಕೀಲಿ ತುಂಬಿದಾಗ 270 ಡಿಗ್ರಿಯ ಆಸುಪಾಸು ಇರಬೇಕು. 200ಕ್ಕೆ ಇಳಿದಿದ್ದರೆ ಸರ್ವೀಸ್ ಖರ್ಚು ನಿಮ್ಮ ತಲೆ ಮೇಲೆ. ಇಂಜೆನ್ಯೂರ್ ಆದರೆ ಕೊಕ್ಕೆಗಳ ಸ್ಥಿತಿ ಕೇಳಿ. ಕೆಲವೊಮ್ಮೆ ಮೂಗಿಗಿಂತ ಮೂಗುತಿ ಭಾರ ಆಗಿಬಿಡುತ್ತದೆ.

1950ರ ದಶಕದ ವಾಚುಗಳ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳಪು ಸತ್ತು ಎಷ್ಟೋ ವರ್ಷ ಆಗಿದ್ದರೂ ರೇಡಿಯಂ ಸಾಯುವುದಿಲ್ಲ, ಅದರ ಅರ್ಧಾಯುಷ್ಯ 1,600 ವರ್ಷ. ಮುಚ್ಚಿದ ವಾಚು ಕಟ್ಟಿಕೊಳ್ಳಬಹುದು, ತೆರೆದು ಕೆರೆಯುವುದು ಬೇಡ. ಡಯಲ್ಲಿನ ಕೆಳಗೆ 'ಟಿ' ಅಕ್ಷರ ಇದ್ದರೆ ಟ್ರಿಟಿಯಂ, ಅದರದು ಹನ್ನೆರಡು ವರ್ಷ ಚಿಲ್ಲರೆ. ಈಗ ಹೆಚ್ಚುಕಡಿಮೆ ಬರೀ ಬಣ್ಣ.

ಯಾರಿಗೆ ಯಾವುದು

ದಿನಾ ಕಟ್ಟಬೇಕು, ತಲೆನೋವು ಬೇಡ, ದುಡ್ಡು ಸ್ವಲ್ಪ ಜಾಸ್ತಿ ಹೋದರೂ ಪರವಾಗಿಲ್ಲ ಅನ್ನುವವರಿಗೆ 1019. ಯಾರೂ ಗುರುತಿಸದಿದ್ದರೂ ಸರಿ, ಒಳಗಿನ ಕೆಲಸ ಚೆನ್ನಾಗಿರಬೇಕು ಅನ್ನುವವರಿಗೆ 866. ಕೈ ಸಣ್ಣದಾಗಿದ್ದರೆ 666, ಅದರಲ್ಲೂ ತಾರೀಖು ಇಲ್ಲದ್ದು. ಹತ್ತು ವರ್ಷದಿಂದ ಹಳೆಯ ವಾಚು ಕೊಂಡು ಮಾರಿ ಕಣ್ಣು ಪಳಗಿದವರು ರೈಲ್‌ಮಾಸ್ಟರ್ ಹುಡುಕಲಿ. 1832 ಬೇಕೆನ್ನುವವರಿಗೆ ನನ್ನ ಸಲಹೆಯ ಅಗತ್ಯವೇ ಇರುವುದಿಲ್ಲ, ಅವರು ಆಗಲೇ ಮನಸ್ಸು ಮಾಡಿಬಿಟ್ಟಿರುತ್ತಾರೆ.

ಇವುಗಳಲ್ಲಿ ಯಾವುದೇ ಆದರೂ ನೀರಿಗೆ ಇಳಿಸಬೇಡಿ, ಹೊಸ ಗ್ಯಾಸ್ಕೆಟ್ ಹಾಕಿಸಿದ್ದರೂ ಅಷ್ಟೇ. ಸರ್ವೀಸಿಗೆ ಕೊಡುವಾಗ 'ಒಳಗೆ ಇನ್ನೊಂದು ಮುಚ್ಚಳ ಇದೆ, ಅದನ್ನು ವಾಪಸ್ ಹಾಕಿ' ಎಂದು ಚೀಟಿಯಲ್ಲಿ ಬರೆದು ಕೊಡಿ. ನನ್ನ 866ರ ಜೊತೆ ಆ ಚೀಟಿ ಪ್ರತಿ ಸಲವೂ ಹೋಗುತ್ತದೆ. ಕಳೆದ ಸಲ ರಿಪೇರಿಯವರು ಚೀಟಿ ನೋಡಿ ನಕ್ಕು, ಅದರ ಹಿಂದೆಯೇ 'ಹಾಕಿದ್ದೇನೆ' ಎಂದು ಬರೆದು ಕಳಿಸಿದ್ದರು.